ಡಿಮಾರ್ಕ್‌ನಲ್ಲಿ ಇವತ್ತೇ ‘ರಿಜೆಕ್ಟ್’ ಹಾಕಬಹುದೇ?

ನಿಮ್ಮ ಸಂಸ್ಥೆಯ ಇಮೇಲ್ ವಿಳಾಸದಿಂದಲೇ ಬಂದಂತೆ ಯಾರೋ ಗ್ರಾಹಕರಿಗೆ ನಕಲಿ ಬಿಲ್ ಕಳುಹಿಸುತ್ತಿದ್ದಾರೆ, ಇವತ್ತೇ ಡಿಮಾರ್ಕ್ ನೀತಿಯನ್ನು ‘ರಿಜೆಕ್ಟ್’ ಮಾಡಿಬಿಡಲೇ ಎಂದು ಕೇಳಿದ್ದೀರಿ. ಡಿಮಾರ್ಕ್ ಎಂದರೆ ನಿಮ್ಮ ಹೆಸರಿನ ಇಮೇಲ್ ತಪಾಸಣೆಯಲ್ಲಿ ಸೋತರೆ ಏನು ಮಾಡಬೇಕೆಂದು ಅದನ್ನು ಪಡೆಯುವ ಸರ್ವರ್‌ಗಳಿಗೆ ನೀವು ಹೇಳಿಡುವ ನೀತಿ; ‘ರಿಜೆಕ್ಟ್’ ಎಂದರೆ ತಿರಸ್ಕರಿಸಿ ಎಂದು. ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೂ ಇವತ್ತೇ ಬೇಡ.

ನಾನು ಒಮ್ಮೆ ಹಾಗೆ ಮಾಡಿದ್ದೆ. ನಮ್ಮ ಲೆಕ್ಕಪತ್ರ ವಿಭಾಗದವರು ಬಿಲ್ಲುಗಳನ್ನು ಹೊರಗಿನ ಸೇವೆಯೊಂದರ ಮೂಲಕ ಕಳುಹಿಸುತ್ತಿದ್ದಾರೆಂಬುದು ನನಗೆ ತಿಳಿದಿರಲಿಲ್ಲ. ಆ ಬಿಲ್ಲುಗಳಿಗೆ ಎಸ್‌ಪಿಎಫ್ (ಕಳುಹಿಸಿದ ಸರ್ವರ್‌ಗೆ ಡೊಮೇನಿನ ಅನುಮತಿ ಇದೆಯೇ ಎಂಬ ತಪಾಸಣೆ) ಪಾಸಾಗುತ್ತಿತ್ತು, ಆದರೆ ಆ ಸೇವೆಯ ಸ್ವಂತ ಡೊಮೇನ್ (ವಿಳಾಸದಲ್ಲಿ @ ನಂತರದ ಭಾಗ) ಹೆಸರಿನಲ್ಲಿ. ಡಿಮಾರ್ಕ್‌ಗೆ ಅಷ್ಟು ಸಾಲದು. ಓದುವವರ ಕಣ್ಣಿಗೆ ಕಾಣುವ ‘ಫ್ರಮ್’ ವಿಳಾಸದ ಡೊಮೇನಿಗೆ ಹೊಂದುವಂತೆ ಎಸ್‌ಪಿಎಫ್, ಡಿಕಿಮ್ (ಇಮೇಲ್‌ಗೆ ಹಾಕಿದ ಡಿಜಿಟಲ್ ಸಹಿಯ ತಪಾಸಣೆ) ಎರಡರಲ್ಲಿ ಒಂದಾದರೂ ಪಾಸಾಗಬೇಕು. ಎರಡು ದಿನ ನಮ್ಮ ನಿಜವಾದ ಬಿಲ್ಲುಗಳೇ ತಿರಸ್ಕೃತವಾದವು.

ಆದ್ದರಿಂದ ಮೊದಲು ನೀತಿಯನ್ನು ‘ನನ್’ (none, ಅಂದರೆ ಯಾವ ಕ್ರಮವೂ ಬೇಡ) ಎಂದಿಟ್ಟು, ವರದಿಗಳು ಬರಬೇಕಾದ ವಿಳಾಸವನ್ನು ನಿಮ್ಮ ಡೊಮೇನಿನ ಡಿಮಾರ್ಕ್ ದಾಖಲೆಯಲ್ಲಿ ಸೇರಿಸಿ. ಯಾವ ಸರ್ವರ್‌ನಿಂದ ನಿಮ್ಮ ಹೆಸರಿನಲ್ಲಿ ಎಷ್ಟು ಇಮೇಲ್ ಹೋಯಿತು ಎಂಬ ಲೆಕ್ಕ ಎಕ್ಸ್‌ಎಂಎಲ್ ಕಡತಗಳಲ್ಲಿ ಬರುತ್ತದೆ. ಒಂದು ಪೂರ್ತಿ ತಿಂಗಳು ಓದಿ. ಸಂಬಳದ ಚೀಟಿಯಂಥವು ತಿಂಗಳಿಗೊಮ್ಮೆ ಮಾತ್ರ ಹೋಗುತ್ತವೆ. ಗುರುತು ಸಿಕ್ಕ ಪ್ರತಿ ಸೇವೆಯಲ್ಲೂ ನಿಮ್ಮ ಡೊಮೇನಿನ ಡಿಕಿಮ್ ಸಹಿ ಹಾಕಿಸಿ. ಎಸ್‌ಪಿಎಫ್ ಒಂದನ್ನೇ ನಂಬಬೇಡಿ: ಯಾರಾದರೂ ಫಾರ್ವರ್ಡ್ ಮಾಡಿದರೆ ಅದು ಸಾಮಾನ್ಯವಾಗಿ ಮುರಿಯುತ್ತದೆ, ಜೊತೆಗೆ ಅದಕ್ಕೆ 10 ಡಿಎನ್‌ಎಸ್ (ಡೊಮೇನುಗಳ ಮಾಹಿತಿ ಇರುವ ವ್ಯವಸ್ಥೆ) ಹುಡುಕಾಟಗಳ ಮಿತಿಯೂ ಇದೆ.

ಆಮೇಲೆ ಎರಡು ವಾರ ‘ಕ್ವಾರಂಟೈನ್’ (ಅನುಮಾನದ ಇಮೇಲನ್ನು ಸ್ಪ್ಯಾಮ್‌ಗೆ ಹಾಕಿ ಎಂದು), ದೂರು ಬಾರದಿದ್ದರೆ ‘ರಿಜೆಕ್ಟ್’. ದಯವಿಟ್ಟು ‘ನನ್’ನಲ್ಲೇ ನಿಂತುಬಿಡಬೇಡಿ. ದಿನಕ್ಕೆ 5,000ಕ್ಕೂ ಹೆಚ್ಚು ಇಮೇಲ್ ಕಳುಹಿಸುವವರಿಗೆ ಜಿಮೇಲ್ 2024ರ ಫೆಬ್ರವರಿಯಿಂದ ಡಿಮಾರ್ಕ್ ಕಡ್ಡಾಯ ಮಾಡಿತು. ಆ ನಿಯಮಕ್ಕೆ ‘ನನ್’ ಸಾಕು, ಆದರೆ ಅದು ಒಂದು ನಕಲಿ ಬಿಲ್ಲನ್ನೂ ತಡೆಯುವುದಿಲ್ಲ. ಇಮೇಲ್‌ಗೆ ಬಳಸದೆ ಸುಮ್ಮನೆ ಕೊಂಡಿಟ್ಟ ಡೊಮೇನ್ ಇದ್ದರೆ ಅದಕ್ಕೆ ಮಾತ್ರ ಇವತ್ತೇ ‘ರಿಜೆಕ್ಟ್’ ಹಾಕಿ. ಅಲ್ಲಿ ಕಳೆದುಕೊಳ್ಳಲು ಏನೂ ಇಲ್ಲ.

ಇದೆಲ್ಲಕ್ಕೂ ಮೊದಲು ಒಬ್ಬ ಗ್ರಾಹಕರಿಂದ ಆ ನಕಲಿ ಇಮೇಲನ್ನು ತರಿಸಿಕೊಂಡು ವಿಳಾಸವನ್ನು ಅಕ್ಷರ ಬಿಡದೆ ನೋಡಿ. ಒಂದಕ್ಷರ ಬದಲಿಸಿ ಕೊಂಡ ಬೇರೆ ಡೊಮೇನ್ ಆಗಿದ್ದರೆ ನಿಮ್ಮ ಡಿಮಾರ್ಕ್ ಅದನ್ನು ಮುಟ್ಟಲಾರದು. ಆಗ ಗ್ರಾಹಕರಿಗೆಲ್ಲ ನೀವೇ ಫೋನ್ ಮಾಡಿ ಎಚ್ಚರಿಸಬೇಕು. ಯಾರಾದರೂ ಈಗಾಗಲೇ ಹಣ ಕಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ.