ಗಾಡಿ ಹೊರಡುವ ಮೊದಲಿನ ಕಾಲು ಗಂಟೆ

ಓದುಗರ ಪ್ರಶ್ನೆ, ನಮ್ಮ ಉತ್ತರ: ರಸ್ತೆ ಮತ್ತು ವಾಹನ

ಪ್ರಶ್ನೆ: ಆರು ಲಾರಿಗಳನ್ನು ಇಟ್ಟುಕೊಂಡು ಸಾಗಾಟದ ವ್ಯವಹಾರ ನಡೆಸುತ್ತಿದ್ದೇನೆ. ಕೊಯ್ಲಿನ ಕಾಲದಲ್ಲಿ ತೋಟಗಳಿಂದ ಕೂಡ್ಲೂರಿನಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಕಾಫಿ ಚೀಲಗಳನ್ನೂ, ಉಳಿದ ದಿನಗಳಲ್ಲಿ ಸಂಪಾಜೆ ಘಾಟಿಯ ಮೂಲಕ ಮಂಗಳೂರಿಗೆ ಬೇರೆ ಸರಕನ್ನೂ ಕಳುಹಿಸುತ್ತೇನೆ. ಕಳೆದ ವರ್ಷ 40 ಅಂಶಗಳ ತಪಾಸಣಾ ಪಟ್ಟಿಯೊಂದನ್ನು ಅಚ್ಚು ಹಾಕಿಸಿ, ಪ್ರತಿದಿನ ಬೆಳಿಗ್ಗೆ ತುಂಬಿ ಸಹಿ ಹಾಕಬೇಕೆಂದು ಚಾಲಕರಿಗೆ ತಿಳಿಸಿದೆ. ಎಲ್ಲರೂ ತಪ್ಪದೆ ತುಂಬುತ್ತಿದ್ದಾರೆ. ಇದುವರೆಗೆ ಒಂದು ದೋಷವೂ ದಾಖಲಾಗಿಲ್ಲ. ಆದರೆ ಕಳೆದ ತಿಂಗಳು ಜೋಡುಪಾಲದ ಹತ್ತಿರ ಒಂದು ಲಾರಿಯ ಹಿಂದಿನ ಚಕ್ರದ ನಟ್‌ಗಳು ಸಡಿಲಾಗಿ, ಚಾಲಕ ಸದ್ದು ಕೇಳಿ ನಿಲ್ಲಿಸಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಆ ದಿನದ ಪಟ್ಟಿಯಲ್ಲಿ ‘ಚಕ್ರ: ಸರಿಯಿದೆ’ ಎಂದೇ ಇತ್ತು. ಚಾಲಕರಿಗೆ ದಂಡ ಹಾಕುವುದು ಸರಿಯೆ? ಪರೀಕ್ಷೆಗೆಂದು ನಾನೇ ಒಂದೆರಡು ನಟ್ ಸಡಿಲಿಸಿಟ್ಟು ನೋಡಬಹುದೆ?
— ಲಾರಿ ಮಾಲೀಕರೊಬ್ಬರು, ಸುಂಟಿಕೊಪ್ಪ

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ನಟ್ ಸಡಿಲಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಚಾಲಕ ಅದನ್ನು ಕಾಣದೆ ಗಾಡಿ ತೆಗೆದರೆ ಅಪಘಾತಕ್ಕೆ ನೀವೇ ಕಾರಣರಾಗುತ್ತೀರಿ. ಗಾಡಿಯ ಸುತ್ತ ನಡೆದು ನೋಡುತ್ತಾರೋ ಇಲ್ಲವೋ ಎಂದು ತಿಳಿಯಲೇಬೇಕಿದ್ದರೆ, ಬ್ಯಾಟರಿ ಪೆಟ್ಟಿಗೆಯ ಹಿಂದೆಯೋ ಸ್ಟೆಪ್ನಿಯ ಮಗ್ಗುಲಲ್ಲೋ ಬಣ್ಣದ ಚೀಟಿಯೊಂದನ್ನು ಅಂಟಿಸಿ, ತಂದುಕೊಟ್ಟವರಿಗೆ ಕಾಫಿ-ತಿಂಡಿಯ ಹಣ ಕೊಡಬಹುದು. ಹಾಗೆ ಮಾಡುವುದಾದರೆ ಅವರಿಗೆ ಮೊದಲೇ ಹೇಳಿ ಮಾಡಿ.

ಇನ್ನು ನಿಮ್ಮ ಪಟ್ಟಿಯ ವಿಷಯ. ಆರು ಲಾರಿಗಳು ವರ್ಷವಿಡೀ ಕೊಡಗಿನ ಮಳೆ, ಮಂಜು, ತೋಟದ ಕಚ್ಚಾ ರಸ್ತೆಗಳಲ್ಲಿ ಓಡಾಡಿದರೂ ಒಂದು ಬಲ್ಬು ಸುಟ್ಟಿಲ್ಲ, ಒಂದು ವೈಪರ್‌ನ ರಬ್ಬರು ಹರಿದಿಲ್ಲ ಎಂದು ಬರೆದಿರುವ ದಾಖಲೆಯನ್ನು ನೀವು ಮೊದಲ ತಿಂಗಳಲ್ಲೇ ಅನುಮಾನಿಸಬೇಕಿತ್ತು. ಹಿಂದೆ ನಾನು ವರ್ಕ್‌ಶಾಪ್ ಒಂದರ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದಾಗ, ಇಂತಹದೇ ಪುಸ್ತಕವೊಂದರಲ್ಲಿ ಇಡೀ ತಿಂಗಳ ಪುಟಗಳು ಒಂದೇ ಪೆನ್ನಿನಿಂದ, ಒಂದೇ ಓಟದ ಅಕ್ಷರದಲ್ಲಿ ತುಂಬಿದ್ದನ್ನು ಕಂಡೆ. ಅದರಲ್ಲಿ ಮೂರು ದಿನ ಆ ಲಾರಿ ಎಂಜಿನ್ ಇಳಿಸಿಕೊಂಡು ನಮ್ಮ ಶೆಡ್ಡಿನಲ್ಲೇ ನಿಂತಿತ್ತು, ಪುಸ್ತಕದಲ್ಲಿ ಮಾತ್ರ ಎಂಜಿನ್ ಆಯಿಲ್, ಬ್ರೇಕ್ ಎಲ್ಲವೂ ಸರಿಯಿದ್ದವು. ಆ ಚಾಲಕನನ್ನು ಗದರಿಸಿದ ಮೇಲೆ ತಿಳಿದದ್ದೇನೆಂದರೆ, ಮೊದಲ ವಾರ ಆತ ನಿಜವಾಗಿಯೂ ನೋಡಿ ಎರಡು ದೋಷಗಳನ್ನು ಬರೆದಿದ್ದ, ಆ ಪುಟವನ್ನು ಕಚೇರಿಯಲ್ಲಿ ಯಾರೂ ತಿರುವಿ ನೋಡಿರಲಿಲ್ಲ.

ಅಮೆರಿಕದಲ್ಲಿ ಸರಕು ಲಾರಿಯ ಚಾಲಕರು ದಿನದ ಓಟ ಮುಗಿದ ಮೇಲೆ, ದೋಷವಿರಲಿ ಇಲ್ಲದಿರಲಿ, ಲಿಖಿತ ವರದಿ ಕೊಡಬೇಕೆಂಬ ಕೇಂದ್ರ ನಿಯಮವಿತ್ತು. 2014ರ ಡಿಸೆಂಬರಿನಲ್ಲಿ ಅದನ್ನು ತಿದ್ದಿ, ದೋಷ ಕಾಣದ ದಿನ ವರದಿ ಬರೆಯಬೇಕಾಗಿಲ್ಲ ಎಂದರು. ಗಾಡಿ ನೋಡುವ ಹೊಣೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ನಿಮಗೆ ಉಪಯೋಗವಾಗುವುದು ಆ ನಿಯಮದ ಇನ್ನೊಂದು ಭಾಗ: ಚಾಲಕ ಸುರಕ್ಷತೆಗೆ ಸಂಬಂಧಿಸಿದ ದೋಷವನ್ನು ಬರೆದುಕೊಟ್ಟರೆ, ಅದನ್ನು ಸರಿಪಡಿಸಲಾಗಿದೆ ಅಥವಾ ದುರಸ್ತಿಯ ಅಗತ್ಯವಿಲ್ಲ ಎಂದು ಲಾರಿಯ ಸಂಸ್ಥೆಯವರು ಅದೇ ವರದಿಯ ಮೇಲೆ ದೃಢೀಕರಿಸಬೇಕು, ಮುಂದೆ ಗಾಡಿ ತೆಗೆಯುವ ಚಾಲಕ ಅದನ್ನು ಓದಿ ಸಹಿ ಹಾಕಬೇಕು. ನಿಮ್ಮ ಪಟ್ಟಿಯಲ್ಲಿ ಚಾಲಕನ ಸಹಿಗೆ ಜಾಗವಿದೆ, ನಿಮ್ಮ ಸಹಿಗೆ ಬಹುಶಃ ಜಾಗವೇ ಇಲ್ಲ.

ದಂಡದ ಮಾತಿಗೆ ಮುನ್ನ ಬಾಟಾದ, ಅಂದರೆ ಚಾಲಕನಿಗೆ ಟ್ರಿಪ್ಪಿನ ಮೇಲೆ ಸಿಗುವ ಭತ್ಯೆಯ, ಲೆಕ್ಕ ನೋಡೋಣ. ನಮ್ಮಲ್ಲಿ ಚಾಲಕರ ಗಳಿಕೆಯ ದೊಡ್ಡ ಪಾಲು ಟ್ರಿಪ್ಪಿನ ಮೇಲೆ ನಿಂತಿದೆ. ಬೆಳಿಗ್ಗೆ ಆತ ದೋಷ ತೋರಿಸಿದರೆ ಗಾಡಿ ಗ್ಯಾರೇಜಿಗೆ ಹೋಗುತ್ತದೆ, ಟ್ರಿಪ್ ಬೇರೆಯವರ ಪಾಲಾಗುತ್ತದೆ, ಮನೆಗೆ ಆತ ಬರಿಗೈಯಲ್ಲಿ ಹೋಗುತ್ತಾನೆ; ಇದರ ಮೇಲೆ ದಂಡವನ್ನೂ ಸೇರಿಸಿದರೆ ದೋಷವನ್ನು ಮುಚ್ಚಿಡಲು ಇನ್ನೊಂದು ಕಾರಣವನ್ನು ನೀವೇ ಒದಗಿಸಿದಂತಾಗುತ್ತದೆ. ಆದ್ದರಿಂದ ಚಾಲಕ ಹೇಳಿದ ದೋಷ ನಿಜವೆಂದು ಮೆಕ್ಯಾನಿಕ್ ಒಪ್ಪಿ ಗಾಡಿ ನಿಂತರೆ, ಆ ದಿನದ ಬಾಟಾ ಪೂರ್ತಿ ಸಿಗುತ್ತದೆ ಎಂದು ಆರೂ ಜನರ ಎದುರಿಗೆ ಹೇಳಿ, ಮೊದಲ ಸಲವೇ ಕೊಟ್ಟು ತೋರಿಸಿ. ನನ್ನ ಅನುಭವದಲ್ಲಿ ಇದೊಂದು ಮಾತು ಮಾಡಿದ ಕೆಲಸವನ್ನು ಯಾವ ಪಟ್ಟಿಯೂ ಮಾಡಿಲ್ಲ.

ಸಮಯದ ಮಾತೂ ಇದೆ. ಮೊದಲು ಪ್ರತಿ ಲಾರಿಯಲ್ಲಿ ಕ್ಲೀನರ್ ಹುಡುಗನೊಬ್ಬ ಇರುತ್ತಿದ್ದ. ಚಾಲಕ ಮುಖ ತೊಳೆದು ಬರುವಷ್ಟರಲ್ಲಿ ಆತ ರೇಡಿಯೇಟರಿಗೆ ನೀರು ನೋಡಿ, ಕಬ್ಬಿಣದ ರಾಡಿನಿಂದ ಟೈರುಗಳನ್ನು ತಟ್ಟಿ, ಮಂಕು ಸದ್ದು ಬಂದ ಚಕ್ರವನ್ನು ತೋರಿಸುತ್ತಿದ್ದ. ಖರ್ಚು ಉಳಿಸಲೆಂದು ಕ್ಲೀನರನ್ನು ಬಿಟ್ಟವರು ಆತನ ಕೆಲಸವನ್ನು ಸದ್ದಿಲ್ಲದೆ ಚಾಲಕನ ಹೆಗಲಿಗೆ ದಾಟಿಸಿದರು, ಅದಕ್ಕೆ ಸಮಯವನ್ನೂ ಕೊಡಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ವಾಹನದ ನಿರ್ವಹಣೆ, ದುರಸ್ತಿಗೆ ಸಂಬಂಧಿಸಿದ ಕೆಲಸಗಳನ್ನು ದುಡಿಮೆಯ ಅವಧಿಯೊಳಗೆ ಸೇರಿಸಿತ್ತು. ಲೋಡಿಂಗ್ ಆರು ಗಂಟೆಗೆಂದರೆ ಹಾಜರಿ ಐದೂಮುಕ್ಕಾಲಕ್ಕೆ ಎಂದು ಬರೆಯಿರಿ, ಆ ಕಾಲು ಗಂಟೆಗೆ ಸಂಬಳವಿರಲಿ, ಆ ಹೊತ್ತಿನಲ್ಲಿ ‘ಹೊರಟೆಯಾ’ ಎಂದು ಫೋನ್ ಮಾಡಬೇಡಿ.

40 ಅಂಶಗಳನ್ನು ಆರಕ್ಕೆ ಇಳಿಸಿ: ಬ್ರೇಕ್, ಚಕ್ರ, ಸ್ಟಿಯರಿಂಗ್, ದೀಪ ಮತ್ತು ವೈಪರ್, ಗಾಡಿಯಡಿಯ ಸೋರಿಕೆ, ಸರಕಿನ ಕಟ್ಟು. ಇವುಗಳಲ್ಲಿ ಮೊದಲ ಎರಡಕ್ಕೆ ಹೆಚ್ಚು ಹೊತ್ತು ಬೇಕು, ಉಳಿದವು ಒಂದು ಸುತ್ತು ಬರುವಷ್ಟರಲ್ಲಿ ಮುಗಿಯುತ್ತವೆ.

ಏರ್ ಬ್ರೇಕಿನ (ಗಾಳಿಯ ಒತ್ತಡದಿಂದ ಹಿಡಿಯುವ ಬ್ರೇಕಿನ) ಗಾಡಿಯಾದರೆ ಸಮತಟ್ಟಾದ ಜಾಗದಲ್ಲಿ ಚಕ್ರ ಉರುಳದಂತೆ ಅಡ್ಡ ಕೊಟ್ಟು, ಗಾಳಿ ಪೂರ್ತಿ ತುಂಬಿದ ಮೇಲೆ ಎಂಜಿನ್ ನಿಲ್ಲಿಸಿ, ಬ್ರೇಕ್ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಬೇಕು. ಒತ್ತಿದೊಡನೆ ಗೇಜಿನ ಮುಳ್ಳು ಸ್ವಲ್ಪ ಇಳಿದು ಅಲ್ಲೇ ನಿಂತರೆ ಸರಿ. ಇಳಿಯುತ್ತಲೇ ಹೋದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ, ಬೆಳಗಿನ ನಿಶ್ಶಬ್ದದಲ್ಲಿ ಆ ‘ಸುಸ್’ ಸದ್ದು ಯಾವ ಕಡೆಯದೆಂದು ಕಿವಿಗೇ ಗೊತ್ತಾಗುತ್ತದೆ. ಏರ್ ಟ್ಯಾಂಕಿನ ಕೆಳಗಿನ ವಾಲ್ವ್ ತೆರೆದು ನೀರು ಬಿಡುವುದನ್ನು ನಮ್ಮ ಜಿಲ್ಲೆಯಲ್ಲಿ ಮಳೆಗಾಲದಲ್ಲಂತೂ ಮರೆಯಬಾರದು. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಒದ್ದೆ ಹವೆಯನ್ನು ಹೀರಿ ಟ್ಯಾಂಕಿನೊಳಗೆ ನೀರನ್ನು ಸೇರಿಸುತ್ತದೆ, ಅದು ಗಾಳಿಯ ಜಾಗವನ್ನು ಕಡಿಮೆ ಮಾಡಿ ವಾಲ್ವುಗಳನ್ನು ತುಕ್ಕು ಹಿಡಿಸುತ್ತದೆ. (ಚಕ್ರಕ್ಕೆ ಕಲ್ಲು ಕೊಡುವವರು ಹೊರಡುವಾಗ ಅದನ್ನು ರಸ್ತೆಯ ಮಧ್ಯೆಯೇ ಬಿಟ್ಟು ಹೋಗುವ ಚಾಳಿಯನ್ನೂ ನಿಲ್ಲಿಸಿದರೆ ಬೈಕಿನವರು ನಿಮ್ಮನ್ನು ಹರಸುತ್ತಾರೆ.)

ಮಂಗಳೂರಿಗೆ ಹೋಗುವ ಗಾಡಿಯನ್ನು ಮಡಿಕೇರಿ ದಾಟಿ, ಮದೆನಾಡಿನ ಇಳಿಜಾರಿಗೆ ಮುನ್ನ ಇನ್ನೊಮ್ಮೆ ನಿಲ್ಲಿಸಿ ಬ್ರೇಕ್ ನೋಡಬೇಕು. ಅಲ್ಲಿಂದ ಸಂಪಾಜೆಯವರೆಗೆ ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಲೈನರಿನ (ಡ್ರಮ್ಮಿಗೆ ಒತ್ತುವ ಬ್ರೇಕ್ ಪಟ್ಟಿಯ) ಹಿಡಿತ ಕಡಿಮೆಯಾಗುತ್ತದೆ, ಪೆಡಲ್ ಒತ್ತಿದರೂ ಗಾಡಿ ನಿಲ್ಲದು. ಕೆಳ ಗೇರಿನಲ್ಲಿ, ಎಂಜಿನ್ನಿನ ಹೊಗೆಯನ್ನು ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕಿನ ಸಹಾಯದಿಂದ ಇಳಿಸಬೇಕು. ಡೀಸೆಲ್ ಉಳಿಸಲೆಂದು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವವರಿಗೆ ಕಂಪ್ರೆಸರೂ ಆಗ ನಿಂತಿರುತ್ತದೆ ಎಂಬುದು ನೆನಪಿರಬೇಕು.

ಜೋಡುಪಾಲದ ಘಟನೆಗೆ ಬಂದರೆ, ಅದಕ್ಕೆ ಕೆಲವು ದಿನ ಮೊದಲು ಆ ಚಕ್ರಕ್ಕೆ ಪಂಚರ್ ಹಾಕಿಸಿದ್ದರೋ ಲೈನರ್ ಬದಲಿಸಿದ್ದರೋ ವಿಚಾರಿಸಿ. ಚಕ್ರವನ್ನು ಮರಳಿ ಕೂರಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿದಾಗ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕು. ಹೀಗೆ ಮಾಡದ ಗಾಡಿಗಳಲ್ಲೇ ನಟ್ ಸಡಿಲಾಗುವುದು ಹೆಚ್ಚು. ನಟ್ಟಿನ ಬುಡದಿಂದ ಹೊರಟ ತುಕ್ಕಿನ ಗೆರೆ ಸಡಿಲತನದ ಗುರುತು. ಟೈರಿನ ಗೋಡೆಯ ಸೀಳು, ಜೋಡಿ ಚಕ್ರಗಳ ನಡುವೆ ಸಿಕ್ಕಿಕೊಂಡ ಜಲ್ಲಿ, ಸವೆದ ಗೋಟು (ರಸ್ತೆಗೆ ತಾಗುವ ಮೇಲ್ಮೈಯ ಅಚ್ಚು) ಇವನ್ನು ಟಾರ್ಚ್ ಹಿಡಿದು ಒಳ ಚಕ್ರದಲ್ಲೂ ನೋಡಬೇಕು. ಲಾರಿ ಟೈರಿನ ಗೋಟು ಕನಿಷ್ಠ 1.6 ಮಿ.ಮೀ. ಆಳವಿರಬೇಕೆಂಬುದು ನಿಯಮ, ಮಳೆಗಾಲದ ಘಾಟಿಗೆ ಅಷ್ಟು ಸಾಲದೆಂಬುದು ನನ್ನ ಅಭಿಪ್ರಾಯ.

ಮೊದಲ ಹತ್ತು ದಿನ ನೀವೇ ಆ ಹೊತ್ತಿಗೆ ಶೆಡ್ಡಿಗೆ ಹೋಗಿ ಚಾಲಕರೊಂದಿಗೆ ಗಾಡಿಯ ಸುತ್ತ ನಡೆಯಿರಿ. ನಿಮ್ಮಲ್ಲಿ ಹಿರಿಯ ಚಾಲಕರಿದ್ದರೆ ಅವರೇ ಉಳಿದವರಿಗೆ ತೋರಿಸಲಿ, ನಮ್ಮ ಮಾತಿಗಿಂತ ಅವರ ಮಾತು ನಾಟುತ್ತದೆ. ಸೋಮವಾರ ಬರೆದ ದೋಷಕ್ಕೆ ಸೋಮವಾರವೇ ನಿಮ್ಮ ಕೈಬರಹದ ಉತ್ತರ ಪುಸ್ತಕದಲ್ಲಿ ಕಾಣಬೇಕು, ಅದು ‘ಗುರುವಾರ ಬದಲಿಸುತ್ತೇವೆ, ಅಲ್ಲಿಯವರೆಗೆ ಓಡಿಸಬಹುದು’ ಎಂಬಷ್ಟೇ ಆಗಿದ್ದರೂ ಸರಿ.

ಪ್ರಶ್ನೆ: ನಮ್ಮ ಲಾರಿಗೆ ಎಫ್‌.ಸಿ. (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಚಾಲ್ತಿಯಲ್ಲಿದೆ. ಹಾಗಿರುವಾಗ ದಿನದಿನದ ತಪಾಸಣೆ ಏಕೆ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಎಂಟು ವರ್ಷದವರೆಗಿನ ಸರಕು ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ವರ್ಷಕ್ಕೊಮ್ಮೆ ಎಫ್‌.ಸಿ. ನವೀಕರಿಸಬೇಕು. ಆ ಪತ್ರ ಪರೀಕ್ಷೆಯ ದಿನ ಗಾಡಿ ಹೇಗಿತ್ತೆಂಬುದನ್ನು ಹೇಳುತ್ತದೆ. ನಿನ್ನೆ ರಾತ್ರಿ ತೋಟದ ಗುಂಡಿಯಲ್ಲಿ ಇಳಿದಾಗ ಮುರಿದ ಪಾಟಾದ (ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿಯ) ಸುದ್ದಿ ಅದರಲ್ಲಿರುವುದಿಲ್ಲ.

ಪ್ರಶ್ನೆ: ನಾನು ಚಾಲಕ. ಮಾಕುಟ್ಟದ ದಾರಿಯಲ್ಲಿ ಕೇರಳಕ್ಕೆ ಹೋಗುತ್ತೇನೆ. ಬ್ರೇಕ್ ಹಿಡಿಯುತ್ತಿಲ್ಲ ಎಂದರೆ ‘ಇದೊಂದು ಟ್ರಿಪ್ ಹೊಡೆದು ಬಾ, ಆಮೇಲೆ ನೋಡೋಣ’ ಎನ್ನುತ್ತಾರೆ. ಏನು ಮಾಡಲಿ?
— ವಿರಾಜಪೇಟೆಯಿಂದ ಒಬ್ಬರು

ಉತ್ತರ: 1988ರ ಮೋಟಾರು ವಾಹನಗಳ ಕಾಯ್ದೆಯ 190ನೇ ಕಲಂ ದೋಷವಿರುವ ಗಾಡಿಯನ್ನು ಓಡಿಸಿದವರನ್ನೂ, ಓಡಿಸಲು ಬಿಟ್ಟವರನ್ನೂ ಹಿಡಿಯುತ್ತದೆ; ದೋಷ ಗೊತ್ತಿರಲಿಲ್ಲ ಎಂದರೂ, ಸಾಮಾನ್ಯ ಎಚ್ಚರದಿಂದ ನೋಡಿದ್ದರೆ ಗೊತ್ತಾಗುತ್ತಿತ್ತು ಎನ್ನುವಂತಿದ್ದರೆ ಹೊಣೆ ತಪ್ಪದು. 2019ರ ತಿದ್ದುಪಡಿಯ ನಂತರ ದಂಡ 1,500 ರೂಪಾಯಿ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಅಥವಾ ಆಸ್ತಿಗೆ ಹಾನಿಯಾದರೆ ಮೂರು ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ. ಕ್ಯಾಬಿನ್ನಿನ ದೀಪ ಉರಿಯದಿದ್ದರೆ ಹೊಂದಿಕೊಂಡು ಹೋಗಬಹುದು. ಬ್ರೇಕ್, ಸ್ಟಿಯರಿಂಗ್, ಟೈರು ಈ ಮೂರರಲ್ಲಿ ದೋಷವಿದ್ದರೆ ಘಾಟಿಗೆ ಇಳಿಯಬೇಡಿ.

ಬಾಯಿಮಾತಿನಲ್ಲಿ ಜಗಳವಾಡಿದರೆ ಅದು ಹಟವೆನಿಸುತ್ತದೆ, ನಾಳೆ ಅದಕ್ಕೆ ಸಾಕ್ಷಿಯೂ ಇರುವುದಿಲ್ಲ. ಗಾಳಿ ಇಳಿಯುತ್ತಿರುವ ಗೇಜಿನ ಅರ್ಧ ನಿಮಿಷದ ವಿಡಿಯೋ ತೆಗೆದು, ಮಾಲೀಕರಿಗೂ ಅವರ ಮೆಕ್ಯಾನಿಕ್‌ಗೂ ಒಟ್ಟಿಗೆ ವಾಟ್ಸಾಪಿನಲ್ಲಿ ಕಳುಹಿಸಿ, ಕೆಳಗೆ ಹೀಗೆ ಬರೆಯಿರಿ: ‘ಅಣ್ಣ, ಹಿಂದಿನ ಎಡಗಡೆ ಗಾಳಿ ಸೋರುತ್ತಿದೆ. ಲೋಡ್ ಹಾಕಿಕೊಂಡು ಮಾಕುಟ್ಟ ಇಳಿಯಲು ಆಗುವುದಿಲ್ಲ. ಗಾಡಿ ಗ್ಯಾರೇಜಿನ ಎದುರು ನಿಲ್ಲಿಸಿದ್ದೇನೆ, ಸರಿಯಾದ ಕೂಡಲೇ ಹೊರಡುತ್ತೇನೆ.’