ನಿನ್ನ ಸ್ಟೇಟಸ್ಸು ಅಂಗಡಿ ಗೋಡೆ ಅಲ್ಲ ಕಣವ್ವ

ಈ ವಾರ ಬಂದ ಕಾಗದದಾಗೆ ಒಂದನ್ನ ಓದ್ತಾ ಕೈಲಿದ್ದ ಟೀ ಆರಿ ಹೋಯ್ತು. ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು, ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೆ ಉಳಿದವರ ಕಾಗದ ಎಲ್ಲಾ ಮುಂದಿನ ವಾರ ನೋಡೋಣ. ಬರೆದಾಕಿ ದಾವಣಗೆರೆ ಹುಡುಗಿ, 26 ವರ್ಷ, ಹೆಸರು ಹಾಕಬೇಡಿ ಅಂದಿದ್ದಾಳೆ. ಪೇಟೆ ಒಳಗಿನ ಒಂದು ಬಟ್ಟೆ ಅಂಗಡೀಲಿ ಕೆಲಸ, ಸೀರೆ ತೋರಿಸೋದೂ ಅವಳೇ, ಬಿಲ್ ಹಾಕೋದೂ ಅವಳೇ. ನನ್ನ ಮಗಳ ವಯಸ್ಸು, ಹಂಗಾಗಿ ನೀನು ಅಂತಲೇ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡ.

ಬೇರೆಯವರಿಗೆ ಕಥೆ ಹೇಳಿಬಿಡ್ತೀನಿ. ಈಯಮ್ಮ ಮೈ ಹುಷಾರಿಲ್ಲ ಅಂತ ಒಂದು ಬುಧವಾರ ರಜ ಹಾಕಿ ಗೆಳತೀರ ಜೊತೆ ಚಿತ್ರದುರ್ಗದ ಕೋಟೆಗೆ ಹೋಗಿದ್ದಾಳೆ. ಓಬವ್ವನ ಕಿಂಡಿ ಹತ್ರ ಹೊಸ ಚೂಡಿದಾರ್ ಹಾಕ್ಕೊಂಡು ನಿಂತು ಫೋಟೋ, ಫೋಟೋ ತಗೊಂಡ್ ಮೇಲೆ ಸ್ಟೇಟಸ್ ಹಾಕದೆ ಇರೋಕಾಗುತ್ತಾ, ಹಾಕಿದ್ದಾಳೆ. ಹುಷಾರಿ ಹುಡುಗಿ, ಮಾಲೀಕರು, ಮ್ಯಾನೇಜರ್ರು, ಅಂಗಡಿಯ ಉಳಿದ ಆರು ಜನ, ಯಾರಿಗೂ ಕಾಣದಂಗೆ ಸೆಟ್ಟಿಂಗ್ ಮಾಡೇ ಹಾಕಿದ್ದಾಳೆ. ಮರುದಿನ ಶಟರ್ ಎತ್ತೋ ಹೊತ್ತಿಗೆ ಮಾಲೀಕರು ಫೋನ್ ತಿರುಗಿಸಿ ಅದೇ ಫೋಟೋ ತೋರಿಸಿದ್ರಂತೆ. ಆಗಿದ್ದೇನಪ್ಪಾ ಅಂದ್ರೆ ವಿದ್ಯಾನಗರದ ಒಬ್ರು ಕಾಯಂ ಗಿರಾಕಿ, ಆಂಟಿ, ಸ್ಟೇಟಸ್ ನೋಡಿ ಸ್ಕ್ರೀನ್‌ಶಾಟ್ ಹೊಡೆದು ಸೀದಾ ಮಾಲೀಕರಿಗೇ ಕಳಿಸಿದ್ದಾರೆ, "ನಿಮ್ಮ ಹುಡುಗಿ ಹಾಕಿರೋ ಈ ಮೆಟೀರಿಯಲ್ ಇನ್ನೂ ಐತಾ, ನಮ್ಮ ಸೊಸೆಗೂ ಒಂದು ಬೇಕಿತ್ತು" ಅಂತ!

ಇನ್ನೂ ಐತೆ ಕೇಳ್ರಿ. ಮಾಲೀಕರು ಮೊದಲು ಕೇಳಿದ್ದು "ಹುಷಾರಿಲ್ಲ ಅಂದಿದ್ಯಲ್ಲ" ಅಂತ ಅಲ್ಲವಂತೆ. "ಈ ಬಟ್ಟೆ ಎಲ್ಲಿ ತಗೊಂಡೆ?" ಅಂತ. ಯಾಕಂದ್ರೆ ಅದು ಅವರ ಅಂಗಡೀದಲ್ಲ.

ಈಗ ಮಾಲೀಕರು ಇನ್ನೊಂದು ಹೊಸದು ಶುರು ಹಚ್ಕೊಂಡಿದ್ದಾರೆ. ನಿನ್ನ ಇನ್‌ಸ್ಟಾದಾಗೆ ನಮ್ಮ ಸೀರೆ ಉಟ್ಕೊಂಡು ರೀಲ್ಸ್ ಹಾಕು, ಫೋಟೋ ಚೆನ್ನಾಗಿ ಬರ್ತೀಯ, ಅಂತ. ಹುಡುಗಿ ಕೇಳ್ತಿರೋದು ಮೂರು: ಇನ್‌ಸ್ಟಾ ಡಿಲೀಟ್ ಮಾಡ್ಲಾ, ಕೆಲಸ ಬಿಡ್ಲಾ, ಆ ಆಂಟೀನ ಬ್ಲಾಕ್ ಮಾಡ್ಲಾ.

ಸುಳ್ಳಿನ ವಿಷಯ ಮೊದಲು ಮುಗಿಸ್ತೀನಿ. ಹುಷಾರಿಲ್ಲ ಅಂತ ಹೇಳಿದ್ದು ತಪ್ಪು, ಸುಳ್ಳು ಹೇಳಿ ಫೋಟೋ ಹಾಕಿದ್ದು ದಡ್ಡತನ, ಒಂದು ಸಲ ಸಾರಿ ಕೇಳು, ಅಲ್ಲಿಗೆ ಬಿಡು. ಆದ್ರೆ ಅದೇ ಕಾಗದದಾಗೆ ವಾರದ ರಜೆನೂ ಎಷ್ಟೋ ಸಲ ಕೊಡಲ್ಲ ಅಂತ ಬರೆದಿದ್ದೀಯ. ಅಂಗಡಿ ಕೆಲಸದವರಿಗೆ ಅಂತಲೇ ಕರ್ನಾಟಕದಾಗೆ 1961ರ ಕಾಯ್ದೆ ಐತೆ, ವಾರಕ್ಕೆ ಒಂದು ದಿನ ರಜೆ ಕೊಡಲೇಬೇಕು ಅಂತ ಅದ್ರಲ್ಲೇ ಐತೆ. ಕೊಡೋ ರಜ ಕೊಟ್ಟಿದ್ರೆ ನೀನು ಕಾಯಿಲೆ ಹುಟ್ಟಿಸಬೇಕಿರಲಿಲ್ಲ. ಸಾಕು ಅದು.

ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಎರಡನೇ ಪುಟದಾಗೆ ಬ್ರಾಕೆಟ್ ಹಾಕಿ ಒಂದು ಸಾಲು ಬರೆದಿದ್ದೀಯಲ್ಲ, (ದಿನಾ ಬೆಳಿಗ್ಗೆ ಅಂಗಡಿ ಆಫರ್ ಪೋಸ್ಟರ್ ನಾವೆಲ್ಲ ನಮ್ಮ ಸ್ಟೇಟಸ್‌ಗೆ ಹಾಕಬೇಕು, ಅದೇನ್ ದೊಡ್ಡ ವಿಷಯ ಅಲ್ಲ ಬಿಡಿ ಮೇಡಂ) ಅಂತ. ಅಲ್ಲ ಕಣೇ, ದೊಡ್ಡ ವಿಷಯ ಅದೊಂದೇ! ಬ್ರಾಕೆಟ್ ಒಳಗೆ ಹಾಕಿ ಮುಚ್ಚಿಟ್ಟಿದ್ದೀಯ. ಎಷ್ಟು ದಿನದಿಂದ? ಎರಡು ವರ್ಷ ಅಂತೀಯ. ಎರಡು ವರ್ಷ ದಿನಾ ಬೆಳಿಗ್ಗೆ ನಿನ್ನ ಸ್ವಂತ ಫೋನು, ಸ್ವಂತ ಡೇಟಾ, ನಿನ್ನ ಸ್ಟೇಟಸ್ಸು, ಅದ್ರಾಗೆ ಅವರ ಶೇಕಡಾ 20 ಡಿಸ್ಕೌಂಟು. ಊರಾಗೆ ಯಾರದಾದ್ರೂ ಕಾಂಪೌಂಡ್ ಗೋಡೆ ಮೇಲೆ ಬಣ್ಣದಾಗೆ ಜಾಹೀರಾತು ಬರೆಸಬೇಕಂದ್ರೂ ಮನೆಯವರನ್ನ ಒಂದು ಮಾತು ಕೇಳ್ತಾರೆ, ಕೆಲವರು ಬಾಡಿಗೆನೂ ಕೊಡ್ತಾರೆ, ನಿನ್ನ ಗೋಡೆಗೆ ಅದೂ ಇಲ್ಲ.

ಆ ಆಂಟಿ ಒಳಗೆ ಹೆಂಗೆ ಬಂದ್ರು ಅಂತ ಒಂಚೂರು ಯೋಚನೆ ಮಾಡು. ಗಿರಾಕಿಗಳು ಪೋಸ್ಟರ್ ನೋಡಬೇಕು ಅಂತ ನೀನು ಬಿಲ್ ಹಾಕುವಾಗ ಅವರ ನಂಬರ್ ಈಸ್ಕೊಂಡು ಸೇವ್ ಮಾಡ್ಕೊಂಡೆ, "ರೇಷ್ಮೆ ಆಂಟಿ ವಿದ್ಯಾನಗರ", "ಮದುವೆ ಜವಳಿ ಹರಿಹರ", ಹಿಂಗೆ ನಾನೂರು ಜನ ಇದ್ದಾರೆ ಅಂತ ನೀನೇ ಬರೆದಿದ್ದೀಯ. ಅವರಿಗೂ ನಿನ್ನ ನಂಬರ್ ಸೇವ್ ಮಾಡ್ಕೊಳ್ರಿ ಅಂತ ಹೇಳಿದೆ, ಯಾಕಂದ್ರೆ ವಾಟ್ಸಾಪಲ್ಲಿ ಇಬ್ರ ಫೋನಲ್ಲೂ ಇಬ್ರ ನಂಬರ್ ಇದ್ರೇನೇ ಸ್ಟೇಟಸ್ ಕಾಣೋದು. ಆಮೇಲೆ ನೀನು ಇಟ್ಟ ಸೆಟ್ಟಿಂಗ್ ಯಾವುದು? "ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್". ಅಂದ್ರೆ ಈ ಎಂಟು ಜನ ಬಿಟ್ಟು ಮಿಕ್ಕಿದವರೆಲ್ಲಾ ಬರ್ರಿ ಅಂತ. ಇವತ್ತು ಮಧ್ಯಾಹ್ನ ಸೇವ್ ಮಾಡಿದ ಗಿರಾಕಿ ಸಂಜೆಗೆ ನಿನ್ನ ಸ್ಟೇಟಸ್ ನೋಡ್ತಾರೆ, ನೀನು ಅವರನ್ನ ಕರೆದಿದ್ದೇ ನಿನಗೆ ನೆನಪಿರಲ್ಲ. ಏಳು ಸುತ್ತಿನ ಕೋಟೆ ಹತ್ತಿ ಕಿಂಡಿ ಮುಂದೆನೇ ಫೋಟೋ ತೆಗೆಸ್ಕೊಂಡು ನಿನ್ನ ಫೋನಿನ ಕಿಂಡಿ ನೋಡ್ಲಿಲ್ವಲ್ಲೇ.

ಹಂಗಾಗಿ ಆಂಟೀನ ಬೈಬೇಡ. ಆಂಟೀದು ಎಳ್ಳಷ್ಟೂ ತಪ್ಪಿಲ್ಲ. ಎರಡು ವರ್ಷದಿಂದ ನಿನ್ನ ಸ್ಟೇಟಸಲ್ಲಿ ಬಟ್ಟೆನೇ ನೋಡಿದ ಹೆಂಗಸು ಅವರು, ಇದೂ ಒಂದು ಬಟ್ಟೆ ಅಂದ್ಕೊಂಡ್ರು, ರೇಟ್ ಕೇಳಿದ್ರು. ಮಾಲೀಕರೂ ಹಂಗೇ ಅಂದ್ಕೊಂಡಿದ್ದಕ್ಕೇ ತಾನೇ ಬಟ್ಟೆ ಎಲ್ಲಿದು ಅಂತ ಮೊದಲು ಕೇಳಿದ್ದು? ಅವರ ಕಣ್ಣಿಗೆ ನೀನು ಅಂಗಡಿ ಬಾಗಿಲಾಗೆ ನಿಲ್ಲಿಸಿರೋ ಗೊಂಬೆ, ಗೊಂಬೆ ಬೇರೆ ಅಂಗಡಿ ಬಟ್ಟೆ ಹಾಕ್ಕೊಂಡು ದುರ್ಗಕ್ಕೆ ಹೋದ್ರೆ ಅವರಿಗೆ ತಡಕೊಳ್ಳೋಕಾಗುತ್ತಾ.

ಇಲ್ಲಿ ನನಗೆ ನಿಜವಾಗಲೂ ಸಿಟ್ಟು ಬಂದಿರೋದು ಮಾಲೀಕರ ಮೇಲೆ ಅಲ್ಲ, ನಿನ್ನ ಬಾವನ ಮೇಲೆ. ಈ ಅಂಕಣ ಓದೋರಿಗೆ ಗೊತ್ತೇ ಐತೆ, ಕೆಲಸ ಕೊಡಿಸಿದ ಬಾವಂದಿರ ಬಗ್ಗೆ ನಂಗೆ ನಂಬಿಕೆ ಕಮ್ಮಿ. ಮೊದಲನೇ ವಾರವೇ ನೀನು ಇದು ನನ್ನ ಪರ್ಸನಲ್ ನಂಬರ್ ಅಂತ ಹಿಂದೆಮುಂದೆ ನೋಡಿದಾಗ "ಹಾಕಮ್ಮ, ನಿನ್ ಗಂಟೇನ್ ಹೋಗುತ್ತೆ, ನನ್ನ ಮರ್ಯಾದೆ ಪ್ರಶ್ನೆ" ಅಂದಿದ್ದು ಆ ಮಹಾನುಭಾವ. ಅವನ ಮರ್ಯಾದೆಗೆ ನಿನ್ನ ಫೋನ್ ಅಡ. ಅವನ ಸ್ಟೇಟಸಲ್ಲಿ ಯಾವತ್ತಾದ್ರೂ ಆ ಅಂಗಡಿ ಪೋಸ್ಟರ್ ನೋಡಿದ್ದೀಯಾ? ಕೇಳಿ ನೋಡು. ಖಾಸಗಿತನ ಅನ್ನೋದು ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಲ್ಲಿ ಒಂಬತ್ತು ಜನ ನ್ಯಾಯಮೂರ್ತಿಗಳು ಕೂತು ಒಮ್ಮತದಿಂದ ಹೇಳಿದ್ರು, ಆ ಕೇಸ್ ಹಾಕಿದವರು ಕೆ. ಎಸ್. ಪುಟ್ಟಸ್ವಾಮಿ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಇದನ್ನ ತಗೊಂಡೋಗಿ ಗಲ್ಲಾಪೆಟ್ಟಿಗೆ ಮುಂದೆ ಓದಬೇಡ, ಅಲ್ಲಿ ನಡೆಯಲ್ಲ, ಬಾವನ ಮುಂದೆ ಓದು.

ನಾನು ಮದುವೆಗೆ ಮುಂಚೆ ನಮ್ಮ ಸೋದರಮಾವನ ಎಸ್‌ಟಿಡಿ ಬೂತಲ್ಲಿ ನಾಲ್ಕು ವರ್ಷ ಕೂತಿದ್ದೆ ಅಂತ ಎಷ್ಟು ಸಲ ಹೇಳಿದ್ದೀನೋ, ಇನ್ನೊಂದ್ಸಲ ಕೇಳ್ರಿ. ಹಳದಿ ಬೋರ್ಡು, ಗಾಜಿನ ಡಬ್ಬಿ, ಒಳಗೆ ದೂರದೂರಿಗೆ ಮಾತಾಡೋ ಫೋನು, ಕೆಂಪು ಅಂಕಿ ಓಡೋ ಮೀಟರ್ರು. ರಾತ್ರಿ ರೇಟ್ ಇಳಿಯೋ ತನಕ ಜನ ಹೊರಗೆ ಬೆಂಚ್ ಮೇಲೆ ಕಾಯ್ತಾ ಕೂರೋರು. ಒಳಗೆ ಹೋದವರು ಎಷ್ಟೋ ಜನ ಅವಸರದಾಗೆ ಬಾಗಿಲು ಹಾಕ್ಕೊಳ್ಳೋದು ಮರೀತಿದ್ರು, ಆಗ ನಮ್ಮ ಮಾವ ನನ್ನ ಕಡೆ ನೋಡೋರು ಅಷ್ಟೇ, ನಾನು ಎದ್ದೋಗಿ ಗಾಜಿನ ಬಾಗಿಲು ದೂಡಿ ಬರಬೇಕು. ಬಾಗಿಲು ಹಾಕಿದ್ ಮೇಲೂ ಮನುಷ್ಯ ಕಾಣ್ತಾನೆ, ಕೈ ಆಡಿಸೋದು, ಕಣ್ಣೊರೆಸ್ಕೊಳ್ಳೋದು ಎಲ್ಲಾ ಕಾಣುತ್ತೆ, ಮಾತು ಮಾತ್ರ ಕೇಳಲ್ಲ. ನಿನಗೆ ಬೇಕಿರೋದೂ ಅಷ್ಟೇ. ಮಾಯ ಆಗೋದು ಬೇಡ, ಅಕೌಂಟ್ ಡಿಲೀಟೂ ಬೇಡ. ಇನ್‌ಸ್ಟಾ ಅಂತೂ ಡಿಲೀಟ್ ಕೊಟ್ರೂ 30 ದಿನ ಕಾಯುತ್ತೆ, ನಿನ್ನ ಸಿಟ್ಟು ಅಷ್ಟು ದಿನ ಇರಲ್ಲ, 29ನೇ ದಿನ ಮತ್ತೆ ಲಾಗಿನ್ ಆಗ್ತೀಯ, ನಂಗೊತ್ತು.

ಮಾಡಬೇಕಿರೋದು ಒಂದೇ ಕೆಲಸ. ಈ ತಿಂಗಳ ಸಂಬಳ ಬಂದ ದಿನ ಅಂಗಡಿಗೆ ಅಂತ ಬೇರೆ ನಂಬರ್ ತಗೋ.

ಹಳೇ ನಂಬರನ್ನ ಅಂಗಡಿಗೆ ಬಿಟ್ಟು ಹೊಸದನ್ನ ನೀನು ಇಟ್ಕೊಳ್ಳೋ ಯೋಚನೆ ಬಂದ್ರೆ ಬೇಡ, ಬ್ಯಾಂಕು ಆಧಾರ್ ಎಲ್ಲಾ ಹಳೇದಕ್ಕೇ ಲಿಂಕ್ ಆಗಿರುತ್ತೆ, ಅದು ನಿನ್ನದೇ. ಹೊಸ ಸಿಮ್ಮನ್ನ ಮಾಲೀಕರೇ ಅಂಗಡಿ ಹೆಸರಲ್ಲಿ ಕೊಡಿಸಿದ್ರೆ ಬಹಳ ಒಳ್ಳೇದು, ಕೆಲಸ ಬಿಟ್ಟ ದಿನ ಗಲ್ಲಾಪೆಟ್ಟಿಗೆ ಮೇಲಿಟ್ಟು ಬರಬಹುದು. ಕೊಡಿಸಲ್ಲ ಅಂದ್ರೆ ನೀನೇ ತಗೋ, ತಿಂಗಳಿಗೆ ನಾಲ್ಕೈದು ಬೆಣ್ಣೆದೋಸೆ ಕಮ್ಮಿ ತಿಂದ್ರೆ ರೀಚಾರ್ಜ್ ಆಗುತ್ತೆ (ನಮ್ಮೂರಲ್ಲಿ ಇದು ಸಣ್ಣ ತ್ಯಾಗ ಅಲ್ಲ ಅನ್ನೋದು ಗೊತ್ತು). ಅದಕ್ಕೆ ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕ್ಕೋ, ಮಾಮೂಲಿ ವಾಟ್ಸಾಪ್ ಇರೋ ಫೋನಲ್ಲೇ ಅದೂ ಓಡುತ್ತೆ, ದುಡ್ಡಿಲ್ಲ. ಅದ್ರಾಗೆ ಅಂಗಡಿ ಟೈಮ್ ಹಾಕಿ "ಅವೇ ಮೆಸೇಜ್" ಆನ್ ಮಾಡಿಟ್ರೆ ರಾತ್ರಿ ಹನ್ನೊಂದಕ್ಕೆ "ಬ್ಲೌಸ್ ಪೀಸ್ ಬೇರೆ ಕಲರ್ ಐತಾ" ಅಂತ ಕೇಳೋರಿಗೆ ಅದೇ ಉತ್ತರ ಕೊಡುತ್ತೆ, ಅಂಗಡಿ ಮುಚ್ಚೈತೆ, ನಾಳೆ ಬರ್ರಿ ಅಂತ. ನೀನು ಮಲಕ್ಕೋ.

ಒಂದು ಮೋಸ ಐತೆ ಇದ್ರಾಗೆ, ಹೇಳಿಬಿಡ್ತೀನಿ. ಎರಡೂ ಆ್ಯಪ್ ನೋಡೋದು ಫೋನಿನ ಒಂದೇ ಕಾಂಟ್ಯಾಕ್ಟ್ ಪಟ್ಟಿನ. ಅಂದ್ರೆ ಹೊಸ ನಂಬರಿಗೆ ಅಂತ ನೀನು ಗಿರಾಕಿ ಹೆಸರು ಸೇವ್ ಮಾಡ್ಕೊಂಡ್ರೂ ಹಳೇ ವಾಟ್ಸಾಪಿಗೂ ಅವರು ಕಾಂಟ್ಯಾಕ್ಟೇ, ಅವರ ಹತ್ರ ನಿನ್ನ ಹಳೇ ನಂಬರ್ ಹೆಂಗೂ ಐತೆ. ಅದಕ್ಕೆ ಹಳೇದ್ರಲ್ಲಿ "ಎಕ್ಸೆಪ್ಟ್" ತೆಗೆದುಹಾಕು, "ಓನ್ಲಿ ಶೇರ್ ವಿತ್" ಅಂತ ಐತಲ್ಲ ಅದನ್ನ ಇಡು, ಇಪ್ಪತ್ತೋ ಮೂವತ್ತೋ ಜನರನ್ನ ಕೈಯಾರೆ ಆರಿಸು. ಮುಂದೆ ಸಾವಿರ ಗಿರಾಕಿ ಸೇವ್ ಮಾಡು, ನೀನು ಒಳಗೆ ಕರೀದೆ ಒಬ್ರೂ ಬರಲ್ಲ. ಬಾವನ್ನ ಆ ಪಟ್ಟೀಲಿ ಇಡ್ತೀಯೋ ಬಿಡ್ತೀಯೋ ನಿನಗೆ ಬಿಟ್ಟಿದ್ದು, ನಾನಾಗಿದ್ರೆ ಇಡ್ತಿರಲಿಲ್ಲ. ಆ ಪಟ್ಟೀಲಿ ಇರೋರೂ ಸ್ಕ್ರೀನ್‌ಶಾಟ್ ಹೊಡೀಬಹುದು, ಸ್ಟೇಟಸ್ ಯಾರು ಹೊಡೆದ್ರು ಅಂತ ವಾಟ್ಸಾಪ್ ನಿನಗೆ ಹೇಳಲ್ಲ, ಅದಕ್ಕೆ ಆರಿಸುವಾಗ ಮುಖ ನೆನಪು ಮಾಡ್ಕೊಂಡು ಆರಿಸು. ಇನ್ನೊಂದು, ನಾನೂರು ಜನಕ್ಕೂ ಒಂದೇ ದಿನ ಹೊಸ ನಂಬರಿಂದ ಮೆಸೇಜ್ ಗುದ್ದಬೇಡ, ಯಾರಾದ್ರೂ ರಿಪೋರ್ಟ್ ಹೊಡೆದ್ರೆ ನಂಬರೇ ಬ್ಯಾನ್ ಆಗಬಹುದು, ಅಂಗಡಿಗೆ ಬಂದವರಿಗೆ ಬಂದಂಗೆ ಬಿಲ್ ಹಿಂದೆ ಬರೆದುಕೊಡು.

ಇನ್‌ಸ್ಟಾ ರೀಲ್ಸಿಗೂ ಇದೇ ಮಾತು. ಅಂಗಡಿ ಹೆಸರಲ್ಲಿ, ಅಂಗಡಿ ನಂಬರಲ್ಲಿ ಬೇರೆ ಪೇಜ್ ಮಾಡಿ, ಅಂಗಡಿ ಟೈಮಲ್ಲಿ ಸೀರೆ ಉಟ್ಟು ನಿಂತ್ಕೋ, ಇಷ್ಟ ಇದ್ರೆ. ನಿನ್ನ ಸ್ವಂತ ಐಡಿಯನ್ನ ಮಾತ್ರ ಬಿಸಿನೆಸ್ ಅಕೌಂಟ್ ಮಾಡಬೇಡ, ಹಂಗೆ ಮಾಡಿದ್ರೆ ಅದನ್ನ ಪ್ರೈವೇಟ್ ಇಡೋಕೆ ಬರಲ್ಲ, ನಿನ್ನ ಕಾಲೇಜ್ ಫೋಟೋ, ದುಗ್ಗಮ್ಮನ ಜಾತ್ರೆ ಫೋಟೋ ಎಲ್ಲಾ ಊರಿಗೇ ತೆರೆದಿಟ್ಟಂಗೆ.

ಮಾಲೀಕರು ಒಳ್ಳೆಯವರು, ಅಮ್ಮನ ಆಪರೇಷನ್‌ಗೆ ಅಡ್ವಾನ್ಸ್ ಕೊಟ್ರು, ಹೆಂಗೆ ಹೇಳೋದು ಅಂತ ಬರೆದಿದ್ದೀಯ. ಒಳ್ಳೆಯವರೇ ಇರಬೇಕು, ಅಡ್ವಾನ್ಸ್ ಸಂಬಳದಾಗೆ ಹಿಡ್ಕೊಂಡ್ರು ತಾನೇ, ಅಲ್ಲಿಗೆ ಆ ಲೆಕ್ಕ ಚುಕ್ತಾ. ಭಾಷಣ ಮಾಡಬೇಡ, ಅಳಬೇಡ, ಕೋಟೆ ವಿಷಯ ಎತ್ತಬೇಡ. "ಸರ್, ಅಂಗಡಿ ಗಿರಾಕಿಗಳಿಗೆ ಅಂತ ಬೇರೆ ನಂಬರ್ ಮಾಡಿದ್ದೀನಿ, ಪೋಸ್ಟರ್ ಎಲ್ಲಾ ಇನ್ಮೇಲೆ ಇದ್ರಲ್ಲೇ ಹಾಕ್ತೀನಿ" ಅಂತ ಹೇಳು, ಹೇಳಿ ಸೀರೆ ಮಡಚೋಕೆ ಹೋಗು. ಅವರಿಗೆ ಪೋಸ್ಟರ್ ಬೇಕು, ಪೋಸ್ಟರ್ ಸಿಗ್ತೈತೆ. ಅಷ್ಟಕ್ಕೂ ಹಳೇ ನಂಬರಲ್ಲೇ ಹಾಕು ಅಂತ ಹಟ ಹಿಡಿದ್ರೆ ಆಗ ನಂಗೆ ಇನ್ನೊಂದು ಕಾಗದ ಬರಿ, ಕೆಲಸ ಬಿಡೋ ಮಾತು ಆಗ ಆಡೋಣ. ಬಾವನಿಗೆ ಮೊದಲೇ ಹೇಳಬೇಡ, ಆದ್ ಮೇಲೂ ಹೇಳಬೇಡ.

ಆಂಟಿ ಇನ್ನೂ ಆ ಮೆಟೀರಿಯಲ್ ಬಂತಾ ಅಂತ ಮೆಸೇಜ್ ಹಾಕ್ತಾನೇ ಇದ್ದಾರೆ, ಓದಿ ಸುಮ್ನಿದ್ದೀನಿ ಅಂತ ಕೊನೇಲಿ ಬರೆದಿದ್ದೀಯ. ಪಾಪ, ಸೊಸೆಗೆ ಅಂತ ಕೇಳ್ತಿದ್ದಾರೆ. ಹೊಸ ನಂಬರಿನ ಮೊದಲನೇ ಮೆಸೇಜ್ ಅವರಿಗೇ ಹೋಗಲಿ: "ಆಂಟಿ, ನಾನು ಅಂಗಡಿ ಹುಡುಗಿ, ಇನ್ಮೇಲೆ ಬಟ್ಟೆ ವಿಷಯಕ್ಕೆ ಈ ನಂಬರ್. ಅವತ್ತು ಹಾಕಿದ್ದು ನಮ್ಮ ಅಂಗಡೀದಲ್ಲ, ಆದ್ರೆ ಅದೇ ಕಲರ್ ಕಾಟನ್ ನಮ್ಮಲ್ಲೂ ಐತೆ, ಸೊಸೇನೂ ಕರ್ಕೊಂಡು ಬರ್ರಿ."