ಆಸ್ಬೆಸ್ಟಾಸ್ ದಾವೆಗಳ ಕುರಿತ ನಿಮ್ಮ ಲೇಖನಕ್ಕೆ ಉತ್ತರ

ನಮಸ್ಕಾರ.

ಆಸ್ಬೆಸ್ಟಾಸ್ ದೂಳಿನಿಂದ ಕಾಯಿಲೆಬಿದ್ದವರು ಹೂಡಿದ ಲಕ್ಷಾಂತರ ದಾವೆಗಳನ್ನು ಅಮೆರಿಕದ ಕೋರ್ಟುಗಳು ಹೇಗೆ ನಿಭಾಯಿಸಿದವು ಎಂಬ ನಿಮ್ಮ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಕೈಬಿಡುವ ಮನಸ್ಸೂ ಇಲ್ಲ. ಕನ್ನಡದಲ್ಲಿ ಈ ವಿಷಯಕ್ಕೆ ಕೈಹಾಕುವವರು ಅಪರೂಪ, ನೀವು ಶ್ರಮಪಟ್ಟು ಓದಿಕೊಂಡಿದ್ದೀರಿ ಎಂಬುದೂ ಗೊತ್ತಾಗುತ್ತದೆ. ಅದಕ್ಕಾಗಿ ಬಿಚ್ಚಿಯೇ ಬರೆಯುತ್ತಿದ್ದೇನೆ.

ನಿಮ್ಮ ಲೇಖನ ಕೋರ್ಟಿನ ಗುಮಾಸ್ತರ ಕಡೆಯಿಂದ ನೋಡಿ ಬರೆದಂತಿದೆ. ಕೇಸುಗಳು ಹೆಚ್ಚಾದವು, ಕೋರ್ಟುಗಳು ಉಪಾಯ ಹುಡುಕಿದವು, ಕೇಸುಗಳು ಕರಗಿದವು. ಹತ್ತು ಪುಟ ಓದಿದರೂ ಕೆಮ್ಮುವ ಒಬ್ಬ ಮನುಷ್ಯ ಸಿಗಲಿಲ್ಲ. ಒಂದೊಂದು ಉಪಾಯದಿಂದಲೂ ಸಮಯ ಉಳಿಯಿತು ನಿಜ, ಆದರೆ ಬೆಲೆ ತೆತ್ತವರು ಯಾರು? ಈ ಪ್ರಶ್ನೆಯನ್ನು ಪ್ರತಿ ಪುಟದಲ್ಲೂ ಕೇಳಿಕೊಳ್ಳಿ. ಲೇಖನಕ್ಕೆ ಬೇಕಾದ ಜೀವ ಅಲ್ಲಿದೆ.

ಮೊದಲ ಪ್ಯಾರಾ ಪೂರ್ತಿ ತೆಗೆಯಿರಿ. ತಡವಾದ ನ್ಯಾಯ ನ್ಯಾಯವೇ ಅಲ್ಲ ಎಂಬ ಮಾತನ್ನು ಓದುಗರು ಸಾಕಷ್ಟು ಕೇಳಿದ್ದಾರೆ. ಕ್ಲಾರೆನ್ಸ್ ಬೊರೆಲ್‌ನಿಂದ ಶುರು ಮಾಡಿ. ನೀವು ಅವನಿಗೆ ಕೊಟ್ಟಿರುವುದು ಒಂದು ಸಾಲು, ಅದೂ ತೀರ್ಪಿನ ಹೆಸರಾಗಿ ಮಾತ್ರ. ಟೆಕ್ಸಾಸಿನ ಈ ಕಾರ್ಮಿಕ 1936ರಿಂದ ಕೊಳವೆ, ಬಾಯ್ಲರುಗಳಿಗೆ ಶಾಖನಿರೋಧಕ ಹೊದಿಕೆ ಹಾಕುವ ಕೆಲಸ ಮಾಡಿದವನು. ದಿನದ ಕೊನೆಗೆ ಮೂಗಿನಿಂದ ಹಿಡಿಹಿಡಿಯಾಗಿ ದೂಳು ಸೀನಿ ತೆಗೆಯುತ್ತಿದ್ದೆ, ಗಂಟಲಿಗೆ ಇಳಿಯದಿರಲಿ ಎಂದು ಮೂಗಿನ ಹೊಳ್ಳೆಗೆ ಮೆಂಥಾಲಿನ ಮುಲಾಮು ಸವರಿಕೊಳ್ಳುತ್ತಿದ್ದೆ ಎಂದು ಅವನೇ ಹೇಳಿಕೆ ಕೊಟ್ಟಿದ್ದಾನೆ. ಆ ದೂಳು ಶ್ವಾಸಕೋಶಕ್ಕೆ ತಾಗಿದ ಕೂಡಲೇ ಕರಗಿಹೋಗುತ್ತದೆ ಎಂದು ಜೊತೆಯವರು ನಂಬಿದ್ದರಂತೆ. 1969ರಲ್ಲಿ ದಾವೆ ಹೂಡಿದ, ವಿಚಾರಣೆ ಶುರುವಾಗುವ ಮೊದಲೇ ತೀರಿಕೊಂಡ. ತಯಾರಕರು ಅಪಾಯದ ಎಚ್ಚರಿಕೆ ಕೊಡಲೇಬೇಕಿತ್ತು ಎಂದು ಮೇಲ್ಮನವಿ ಕೋರ್ಟು 1973ರಲ್ಲಿ ಹೇಳಿತು. ಮುಂದಿನ ಸಾವಿರಾರು ದಾವೆಗಳಿಗೆ ಬಾಗಿಲು ತೆರೆದದ್ದು ಆ ತೀರ್ಪು.

ಒಂದು ತಪ್ಪು ತಿದ್ದಲೇಬೇಕು. 1991ರಲ್ಲಿ ಸುಮಾರು 26,000 ಫೆಡರಲ್ ಕೇಸುಗಳನ್ನು ಫಿಲಡೆಲ್ಫಿಯಾದ ಒಬ್ಬ ನ್ಯಾಯಾಧೀಶರಿಗೆ ವರ್ಗಾಯಿಸಿದ್ದನ್ನು ವಿವರಿಸುತ್ತಾ ಅವೆಲ್ಲ 'ಅಲ್ಲೇ ತೀರ್ಮಾನವಾದವು' ಎಂದಿದ್ದೀರಿ. ಆ ವರ್ಗಾವಣೆ ವಿಚಾರಣೆಗೆ ಮುಂಚಿನ ಹಂತಕ್ಕೆ ಮಾತ್ರ. ರಾಜಿಯಾಗದೆ, ವಜಾ ಆಗದೆ ಉಳಿದ ಕೇಸು ವಿಚಾರಣೆಗೆ ತನ್ನ ಮೂಲ ಕೋರ್ಟಿಗೇ ಮರಳಬೇಕು. ರಾಜಿಯಾಗದವರಿಗೆ ಅದು ಎಷ್ಟು ದೀರ್ಘವಾದ ಕಾಯುವಿಕೆ ಎಂಬುದು ಆಗ ಅರ್ಥವಾಗುತ್ತದೆ.

ನ್ಯಾಯಾಧೀಶ ರಾಬರ್ಟ್ ಪಾರ್ಕರ್ ಅವರ ಪ್ರಯೋಗವನ್ನು ನೀವು 'ಕ್ರಾಂತಿಕಾರಿ' ಎಂದು ಹೊಗಳಿ ಮುಂದೆ ಹೋಗಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ಟೆಕ್ಸಾಸಿನ ಬ್ಯೂಮಾಂಟ್‌ನಲ್ಲಿ ಅವರ ಮುಂದಿದ್ದದ್ದು 2,298 ದಾವೆಗಳು. ತಿಂಗಳಿಗೆ 30ರಂತೆ ಮುಗಿಸಿದರೂ ಆರೂವರೆ ವರ್ಷ ಬೇಕು, ಅಷ್ಟರಲ್ಲಿ ಇನ್ನೂ 5,000ಕ್ಕೂ ಹೆಚ್ಚು ಕೇಸುಗಳು ಬಂದು ಸೇರಿರುತ್ತವೆ ಎಂದು ಅವರೇ ಲೆಕ್ಕ ಹಾಕಿದ್ದರು. ಹಾಗಾಗಿ ಕಾಯಿಲೆಗಳನ್ನು ಐದು ಗುಂಪು ಮಾಡಿದರು. 160 ಜನರ ದಾವೆಗಳನ್ನು ಮಾದರಿಯಾಗಿ ಆರಿಸಿ ಜ್ಯೂರಿ ಮುಂದಿಟ್ಟು, ಪ್ರತಿ ಗುಂಪಿನಲ್ಲಿ ಬಂದ ಪರಿಹಾರದ ಸರಾಸರಿಯನ್ನೇ ಉಳಿದವರಿಗೂ ಕೊಡಲು ಹೊರಟರು. 1998ರಲ್ಲಿ ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. ಒಬ್ಬೊಬ್ಬನ ಕಾಯಿಲೆಗೆ ಕಾರಣವೇನು, ನಷ್ಟವೆಷ್ಟು ಎಂಬುದನ್ನು ಜ್ಯೂರಿಯೇ ತೀರ್ಮಾನಿಸಬೇಕು ಎಂದಿತು. ನನ್ನ ಮನಸ್ಸು ಪಾರ್ಕರ್ ಕಡೆಗೇ ವಾಲುತ್ತದೆ, ಸಾಯುತ್ತಿರುವವನಿಗೆ ಸರಾಸರಿ ಪರಿಹಾರವಾದರೂ ಸಿಗಲಿ ಎಂದು. ಆದರೆ ಮೂರು ವರ್ಷ ದೂಳು ಕುಡಿದವನಿಗೂ ಮೂವತ್ತು ವರ್ಷ ಕುಡಿದವನಿಗೂ ಒಂದೇ ಮೊತ್ತವೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನಿಮಗೆ ಏನನ್ನಿಸುತ್ತದೆ? ಲೇಖನದಲ್ಲಿ ನಿಮ್ಮ ಅಭಿಪ್ರಾಯ ಎಲ್ಲಿಯೂ ಇಲ್ಲ.

ನೀವು ಕಂಸದೊಳಗೆ ಹಾಕಿ ಬಿಟ್ಟಿರುವ ಒಂದು ವ್ಯವಸ್ಥೆ ನನ್ನ ಪ್ರಕಾರ ಲೇಖನದ ನಡುಮನೆಯಲ್ಲಿ ಇರಬೇಕಾದದ್ದು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಪೊರೆ ದಪ್ಪಗಾಗಿರುವುದು ಕಂಡರೆ ದಾವೆ ಹೂಡುವ ಕಾಲಮಿತಿ ಓಡತೊಡಗುತ್ತಿತ್ತು. ಮನುಷ್ಯ ಆರಾಮಾಗಿ ಓಡಾಡಿಕೊಂಡಿದ್ದರೂ, ಮುಂದೆ ಕ್ಯಾನ್ಸರ್ ಬಂದರೆ ಹಕ್ಕು ಕೈತಪ್ಪೀತು ಎಂದು ವಕೀಲರು ಆಗಲೇ ದಾವೆ ಹೂಡುತ್ತಿದ್ದರು. ಹೀಗೆ ಸರದಿಯ ಮುಂದೆ ಆರೋಗ್ಯವಂತರು, ಹಿಂದೆ ಸಾಯುವವರು. 1986ರಲ್ಲಿ ಮ್ಯಾಸಚೂಸೆಟ್ಸ್‌ನ ಕೋರ್ಟು ಇಂಥ ಆರೋಗ್ಯವಂತರಿಗಾಗಿ ಪ್ರತ್ಯೇಕ ಪಟ್ಟಿಯೊಂದನ್ನು ಮಾಡಿತು, ಮುಂದೆ ಷಿಕಾಗೊ, ಬಾಲ್ಟಿಮೋರ್‌ಗಳೂ ಅದೇ ದಾರಿ ಹಿಡಿದವು. ಈ ಪಟ್ಟಿಯಲ್ಲಿ ಹೆಸರಿದ್ದರೆ ಕಾಲಮಿತಿಯ ಭಯವಿಲ್ಲ. ಕಾಯಿಲೆ ಬಂದ ದಿನ ದಾಖಲೆ ತೋರಿಸಿ ಸರದಿಗೆ ಬರಬಹುದು. ಇಷ್ಟು ಸರಳವಾದ, ಇಷ್ಟು ಮನುಷ್ಯತ್ವವಿರುವ ಏರ್ಪಾಡು ಇಡೀ ಕಥೆಯಲ್ಲಿ ಇನ್ನೊಂದು ಕಾಣದು.

ಇದನ್ನು 1997ರ ಆಮ್ಕೆಮ್ ತೀರ್ಪಿನ ಪಕ್ಕದಲ್ಲಿಡಿ. ಅಮೆರಿಕದ ಸುಪ್ರೀಂ ಕೋರ್ಟ್ ಅಲ್ಲಿ ಸಾಮೂಹಿಕ ದಾವೆಯನ್ನೇ (ಒಂದೇ ಬಗೆಯ ಹಾನಿಗೊಳಗಾದ ಎಲ್ಲರ ಪರವಾಗಿ ಕೆಲವರು ಹೂಡುವ ದಾವೆ) ನಿಷೇಧಿಸಲಿಲ್ಲ, ಆಸ್ಬೆಸ್ಟಾಸ್ ಕಂಪನಿಗಳ ಒಂದು ರಾಜಿ ಒಪ್ಪಂದವನ್ನು ತಳ್ಳಿಹಾಕಿತು. 1993ರ ಜನವರಿ 15ರಂದು ದೂರು, ಉತ್ತರ, ರಾಜಿ ಒಪ್ಪಂದ ಮೂರೂ ಒಂದೇ ದಿನ ಸಲ್ಲಿಕೆಯಾಗಿದ್ದವು. ಇನ್ನೂ ಕಾಯಿಲೆ ಬಾರದವರನ್ನೂ ಆ ಒಪ್ಪಂದ ಕಟ್ಟಿಹಾಕುತ್ತಿತ್ತು. ಈಗ ನರಳುವವರಿಗೆ ಕೂಡಲೇ ದುಡ್ಡು ಬೇಕು, ಮುಂದೆ ನರಳಲಿರುವವರಿಗೆ ನಿಧಿ ಬತ್ತದೆ ಉಳಿಯಬೇಕು. ಇಬ್ಬರ ಪರವಾಗಿ ಒಬ್ಬನೇ ಮಾತಾಡುವುದು ಹೇಗೆ ಎಂಬುದು ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಅವರ ಆಕ್ಷೇಪ. ಆಸ್ಬೆಸ್ಟಾಸ್ ತಯಾರಕ ಮ್ಯಾನ್‌ವಿಲ್ ಕಂಪನಿಯ ದಿವಾಳಿ ಪ್ರಕರಣದಿಂದ ಹುಟ್ಟಿದ ಪರಿಹಾರ ಟ್ರಸ್ಟ್ ನೋಡಿದರೆ ಆ ಆತಂಕ ಎಷ್ಟು ನಿಜ ಎಂದು ತಿಳಿಯುತ್ತದೆ. 2001ರ ಹೊತ್ತಿಗೆ ಅದು 100 ಡಾಲರ್ ಎಂದು ಗೊತ್ತುಮಾಡಿದ ಪರಿಹಾರಕ್ಕೆ ಕೊಡುತ್ತಿದ್ದದ್ದು 5 ಡಾಲರ್. ಈ ಅಂಕಿ ನಿಮ್ಮ ಲೇಖನದಲ್ಲಿಲ್ಲ, ಬರಲೇಬೇಕು.

ಬೆಂಗಳೂರಿನ ಆಸ್ಬೆಸ್ಟಾಸ್ ಶೀಟು ಮನೆಗಳ ಬಗ್ಗೆ ಬರೆದ ಕೊನೆಯ ಪುಟ ಬೇಡ. ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಕಾಯ್ದಿಡಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ಕೊಟ್ಟ ಆದೇಶ ಇಟ್ಟುಕೊಂಡು ಅದನ್ನೇ ಬೇರೆ ಲೇಖನ ಮಾಡಬಹುದು.

ಹತ್ತು ಪುಟವನ್ನು ಆರಕ್ಕಿಳಿಸಿ. ಬೊರೆಲ್, ಪಾರ್ಕರ್, ಆ ಪಟ್ಟಿ, ಆಮ್ಕೆಮ್, ಟ್ರಸ್ಟ್ ಇಷ್ಟು ಸಾಕು, ಉಳಿದ ತೀರ್ಪುಗಳನ್ನು ಬಿಟ್ಟುಬಿಡಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ